ಬ್ಯಾಂಡ್ ರೂಮಿನ ಸಿಳ್ಳೆ

ಎಂಟನೇ ಕ್ಲಾಸಿನಲ್ಲಿ ಶಾಲೆಯ ಬ್ಯಾಂಡಿಗೆ ಸೇರಿದೆ. ಕೇಳಿದ್ದು ಡ್ರಮ್, ಸಿಕ್ಕಿದ್ದು ಟ್ರಂಪೆಟ್. ಅದರ ನಡುವಿನ ವಾಲ್ವ್ ಒತ್ತಿದರೆ ಒಳಗೇ ಕೂತುಬಿಡುತ್ತಿತ್ತು, ಉಗುರಿನಿಂದ ಎತ್ತಬೇಕಿತ್ತು. ಊದಿದ ತುಟಿ ನೋಡಿ ಅಮ್ಮ, ಯಾರ ಹತ್ರ ಹೊಡೆಸಿಕೊಂಡೆ ಅಂತ ಕೇಳುತ್ತಿದ್ದರು.

ಪ್ರಾಕ್ಟೀಸ್ ಮುಗಿದ ಮೇಲೆ ಬ್ಯಾಂಡ್ ಮೇಷ್ಟ್ರು ಕಿಟಕಿ ಮುಚ್ಚುತ್ತಾ ದಿನಾ ಒಂದೇ ಸಿಳ್ಳೆ ಹಾಕುತ್ತಿದ್ದರು. ಕೌಬಾಯ್ ಸಿನಿಮಾದ್ದು. ಅಮೆರಿಕದ್ದು ಅಂದುಕೊಂಡಿದ್ದೆವು. "ಅಮೆರಿಕ ಅಲ್ಲ ಕಣ್ರೋ, ರೋಮ್. ಅವನೂ ನಿಮ್ಮ ಹಾಗೇ ಟ್ರಂಪೆಟ್ ಊದ್ತಿದ್ದ" ಅಂದರು. ಆ ಸಂಗೀತ ಬರೆದ ಎನ್ನಿಯೊ ಮೊರಿಕೋನೆ ಹೆಸರು ನನ್ನ ಕಿವಿಗೆ ಬಿದ್ದಿದ್ದು ಹಾಗೆ.

ಅವರು ಹುಟ್ಟಿದ್ದು 1928ರಲ್ಲಿ. ಅಪ್ಪ ಮಾರಿಯೊ ಕೂಡ ಟ್ರಂಪೆಟ್ ವಾದಕ. ಅಪ್ಪನಿಗೆ ಹುಷಾರಿಲ್ಲದ ದಿನ ಮಗನೇ ಹೋಗಿ ಊದಿ ಬರುತ್ತಿದ್ದರಂತೆ. ಸಾಂತಾ ಚೆಚಿಲಿಯಾ ಸಂಗೀತ ಶಾಲೆಯಲ್ಲಿ 1946ಕ್ಕೆ ಟ್ರಂಪೆಟ್ ಡಿಪ್ಲೊಮಾ, 1954ಕ್ಕೆ ಸಂಗೀತ ರಚನೆಯದು. ಆಮೇಲೆ ರೆಕಾರ್ಡ್ ಕಂಪನಿಯಲ್ಲಿ ಬೇರೆಯವರ ಹಾಡುಗಳಿಗೆ ವಾದ್ಯ ಜೋಡಿಸುವ ಕೆಲಸ. ಒಂದು ಹಾಡಿಗೆ ನಿಜವಾದ ತಗಡಿನ ಡಬ್ಬಿಯನ್ನೇ ಉರುಳಿಸಿ ಸದ್ದು ರೆಕಾರ್ಡ್ ಮಾಡಿದರು!

1964ರಲ್ಲಿ ನಿರ್ದೇಶಕ ಸೆರ್ಜಿಯೊ ಲಿಯೋನೆ ಜೊತೆ 'ಎ ಫಿಸ್ಟ್‌ಫುಲ್ ಆಫ್ ಡಾಲರ್ಸ್'. ಇಬ್ಬರೂ ಚಿಕ್ಕವರಿದ್ದಾಗ ಒಂದೇ ಕ್ಲಾಸಿನಲ್ಲಿ ಓದಿದವರು. ಚಾಟಿ, ಗಂಟೆ, ಎಲೆಕ್ಟ್ರಿಕ್ ಗಿಟಾರ್, ಸಿಳ್ಳೆ ಎಲ್ಲ ಸೇರಿ ಸಂಗೀತವಾಯಿತು. ಸಿಳ್ಳೆ ಹಾಕಿದ್ದು ಅಲೆಸ್ಸಾಂದ್ರೊ ಅಲೆಸ್ಸಾಂದ್ರೋನಿ. ಮೇಷ್ಟ್ರು ಅನುಕರಿಸುತ್ತಿದ್ದುದು ಅವರನ್ನೇ. ಶ್ರುತಿ ಮಾತ್ರ ಸ್ವಲ್ಪ ಆಚೀಚೆ.

ಇಟಲಿಯವರಿಗೆ ಮೊರಿಕೋನೆ ಟಿವಿಯಿಂದಲೂ ಪರಿಚಯ. ಮಾಫಿಯಾ ಕಥೆಯ 'ಲಾ ಪಿಯೋವ್ರಾ' ಧಾರಾವಾಹಿಗೆ ಎರಡನೇ ಸರಣಿಯಿಂದ ಏಳನೆಯದರ ತನಕ ಅವರದೇ ಸಂಗೀತ. ಒಟ್ಟು 400ಕ್ಕೂ ಜಾಸ್ತಿ ಕೆಲಸ. ಪಿಯಾನೊ ಮುಂದೆ ಕೂರದೆ, ಮೇಜಿನ ಮೇಲೆ ಹಾಳೆ ಇಟ್ಟುಕೊಂಡು ನೇರವಾಗಿ ಬರೆಯುತ್ತಿದ್ದರು. 'ದಿ ಮಿಷನ್' ಸಿನಿಮಾದ ಸಂಗೀತಕ್ಕೆ ಆಸ್ಕರ್ ಬರಲಿಲ್ಲ ಅನ್ನೋದು ನನಗೆ ಇವತ್ತಿಗೂ ಸಿಟ್ಟು. ಶಹನಾಯಿಯಂಥ ಆ ಓಬೋ ವಾದ್ಯ ಕೇಳಿದವರು ಹೇಗೆ ಬೇರೆಯವರಿಗೆ ಕೊಟ್ಟರೋ! 2007ರಲ್ಲಿ ಗೌರವ ಆಸ್ಕರ್ ಕೊಟ್ಟರು. ಸ್ಪರ್ಧೆಯಲ್ಲಿ ಗೆಲ್ಲುವ ಹೊತ್ತಿಗೆ 2016, ವಯಸ್ಸು 87.

2020ರ ಜುಲೈನಲ್ಲಿ ಅವರು ತೀರಿಕೊಂಡ ಮೇಲೆ ಒಂದು ವಿಷಯ ಓದಿದೆ. ಅಪ್ಪನಿಗೆ ವಯಸ್ಸಾಗಿ, ಹಿಂದಿನ ಹಾಗೆ ಊದಲು ಆಗದೆ ಹೋದಾಗ ಮೊರಿಕೋನೆ ತಮ್ಮ ಸಂಗೀತದಲ್ಲಿ ಟ್ರಂಪೆಟ್ಟನ್ನೇ ಬಿಟ್ಟರಂತೆ. ಅಪ್ಪನನ್ನು ಕರೆಯುವ ಹಾಗಿಲ್ಲ, ಬೇರೆಯವರನ್ನು ಕರೆದರೆ ಅಪ್ಪನಿಗೆ ನೋವು. ಹಾಗಾಗಿ ಆ ವಾದ್ಯವೇ ಬೇಡ. ಅಪ್ಪ ಹೋದ ಮೇಲೆಯೇ ಮತ್ತೆ ಬರೆದಿದ್ದು.

ಮೇಷ್ಟ್ರಿಗೆ ಫೋನ್ ಮಾಡಿ ಇದನ್ನು ಹೇಳಿದೆ. ರಿಟೈರ್ ಆಗಿ ಎಷ್ಟೋ ವರ್ಷವಾಗಿತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಆ ನಡುವಿನ ವಾಲ್ವ್ ಯಾರಾದ್ರೂ ರಿಪೇರಿ ಮಾಡ್ಸಿದ್ರೇನೋ?" ಅಂದರು.