ಒಣಗದ ಬಣ್ಣ

ಅಗಸೆ ಎಣ್ಣೆಯ ಬಣ್ಣ ನೀರಿನಂತೆ ಆರಿಹೋಗುವುದಿಲ್ಲ. ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ನಿಧಾನವಾಗಿ ಗಟ್ಟಿಯಾಗುತ್ತದೆ, ಪುಣೆಯ ಈ ಚಳಿಯಲ್ಲಿ ಇನ್ನೂ ನಿಧಾನ. ಅಮ್ಮನಿಲ್ಲದ ಮೊದಲ ಚಳಿಗಾಲವಿದು. ಕೋಥರೂಡಿನ ಕೋಣೆಯಲ್ಲಿ ಗೋಡೆಗೊರಗಿಸಿಟ್ಟ ಅವಳ ಚಿತ್ರದಲ್ಲಿ ಇಳಕಲ್ ಸೀರೆಯ ಕೆಂಪು ಸೆರಗಿನ ಬಿಳಿ ತೆನೆಗಳಷ್ಟೇ ಮುಗಿದಿದ್ದವು. ಮುಖ ಬರೆದರೆ ಅದೇ ಅವಳ ಕೊನೆಯ ಮುಖವಾಗಿ ಉಳಿದುಬಿಡುತ್ತದೆಂಬ ಭಯಕ್ಕೆ ಡಿಸೆಂಬರ್ ಪೂರ್ತಿ ಕುಂಚ ಮುಟ್ಟಲಿಲ್ಲ.

ಉಡುಪಿ ಬಳಿಯ ಕಟ್ಟಿಂಗೇರಿಯಿಂದ ಬಂದು ಮುಂಬಯಿಯಲ್ಲಿ ನೆಲೆಸಿದ ಕೆ. ಕೆ. ಹೆಬ್ಬಾರರ (1911–1996) ರೇಖಾಚಿತ್ರಗಳನ್ನು ಆ ದಿನಗಳಲ್ಲಿ ಮತ್ತೆ ತೆರೆದು ಕುಳಿತೆ. ಕುಣಿಯುವ ದೇಹವನ್ನು ಕೆಲವೇ ಗೆರೆಗಳಲ್ಲಿ ಹಿಡಿದು ಅವರು ಉಳಿದುದನ್ನೆಲ್ಲ ಬರಿಯ ಕಾಗದಕ್ಕೆ ಒಪ್ಪಿಸಿಬಿಡುತ್ತಾರೆ. ನನಗೆ ಧೈರ್ಯ ಬಂದದ್ದು ಆ ಖಾಲಿ ಜಾಗದಿಂದ.

ಸಂಕ್ರಾಂತಿಯ ಮುಂಜಾನೆ ಕುಂಚ ಬದಿಗಿಟ್ಟು, ಬರಿಯ ಉಂಗುರಬೆರಳಿನಿಂದ ಅಮ್ಮನ ಹಣೆಗೆ ಕುಂಕುಮವನ್ನಷ್ಟೇ ಇಟ್ಟೆ. ಅದು ಇನ್ನೂ ಹಸಿಯಾಗಿಯೇ ಇದೆ.