ಯುರೋಪಾ ಮಂಜಿನ ಮಾದರಿ ಬಟ್ಟಲು: ಶಾಖದ ಲೆಕ್ಕ, ಎರಡನೇ ವಿನ್ಯಾಸ

ಗುರಿ ಹಿಂದಿನದೇ. ಗುರುಗ್ರಹದ ಉಪಗ್ರಹ ಯುರೋಪಾದ ಮೇಲೆ ಸುಮಾರು 100 ಕೆಲ್ವಿನ್‌ನಲ್ಲಿರುವ (ಮೈನಸ್ 173 ಡಿಗ್ರಿ ಸೆಲ್ಸಿಯಸ್) ಮಂಜುಗಡ್ಡೆಯಿಂದ 5 ಗ್ರಾಂ ಪುಡಿ ತೆಗೆದು, ಉಪಕರಣದ ಬಾಯಿ ಸೇರುವವರೆಗೆ ಅದು 150 ಕೆಲ್ವಿನ್ ದಾಟದಂತೆ ಕಾಯುವುದು. 150ರಲ್ಲಿ ಮಂಜಿನ ಆವಿಯೊತ್ತಡ ಪ್ಯಾಸ್ಕಲ್‌ನ ಲಕ್ಷದಲ್ಲೊಂದು ಭಾಗಕ್ಕಿಂತಲೂ ಕಡಿಮೆ. 200ರಲ್ಲಿ ಸುಮಾರು 0.16 ಪ್ಯಾಸ್ಕಲ್. ಅಷ್ಟು ಬಿಸಿಯಾದರೆ ಪುಡಿ ಆವಿಯಾಗುತ್ತದೆ, ಆ ಆವಿ ತಣ್ಣನೆಯ ಕಣಗಳ ಸಂದಿಯಲ್ಲಿ ಮತ್ತೆ ಹೆಪ್ಪುಗಟ್ಟಿ ಎಲ್ಲವನ್ನೂ ಬೆಸೆದುಬಿಡುತ್ತದೆ. 2008ರಲ್ಲಿ ಮಂಗಳದ ಮೇಲೆ ಫೀನಿಕ್ಸ್ ಲ್ಯಾಂಡರ್‌ನ ಸೌಟಿನಲ್ಲೂ ಮಂಜು ಬೆರೆತ ಮಣ್ಣು ಅಂಟಿಕೊಂಡು ಕೆಳಗೆ ಬೀಳದೆ ಸತಾಯಿಸಿತ್ತು.

ಮೊದಲು ಕಾಲುಗಳು. 250 ಕೆಲ್ವಿನ್‌ನ ಮೋಟಾರ್ ಪೆಟ್ಟಿಗೆಗೂ ಬಟ್ಟಲಿಗೂ ನಡುವೆ 30 ಮಿ.ಮೀ. ಉದ್ದದ ಮೂರು ಕಾಲು, ಒಂದೊಂದರ ಅಡ್ಡಕೊಯ್ತ 20 ಚದರ ಮಿ.ಮೀ. ಟೈಟಾನಿಯಂ ಮಿಶ್ರಲೋಹವಾದರೆ ಸುಮಾರು 1.5 ವ್ಯಾಟ್ ಒಳಹರಿಯುತ್ತದೆ. ಪುಡಿಯನ್ನು 100ರಿಂದ 150ಕ್ಕೆ ಏರಿಸಲು ಬೇಕಾಗುವುದು ಬರೀ 257 ಜೌಲ್, ಅಂದರೆ ಮೂರೇ ನಿಮಿಷದ ಮಾತು. ಗಾಜುನಾರಿನ ಜಿ-10 ಹಾಕಿದರೆ 0.15 ವ್ಯಾಟ್, ಅರ್ಧ ಗಂಟೆಯ ಹತ್ತಿರ ಸಿಗುತ್ತದೆ. ಇಲ್ಲಿ ಯೋಚಿಸುವುದೇನೂ ಉಳಿದಿಲ್ಲ.

ನಿಜವಾದ ತಲೆನೋವು ಬಟ್ಟಲಿನ ಸ್ವಂತ ಶಾಖ. ಅಲ್ಯೂಮಿನಿಯಂ ದಿಮ್ಮಿಯಿಂದ ಕೊರೆದ 40 ಗ್ರಾಂ ಬಟ್ಟಲು 200 ಕೆಲ್ವಿನ್‌ನಲ್ಲಿದ್ದರೆ, 150ಕ್ಕೆ ಇಳಿಯುವಾಗ ಸುಮಾರು 1500 ಜೌಲ್ ಬಿಡುತ್ತದೆ. ಪುಡಿ ತಡೆಯಬಲ್ಲದ್ದರ ಆರು ಪಟ್ಟು! ಎರಡೂ ಒಂದೇ ತಾಪಕ್ಕೆ ಬಂದರೆ ಪುಡಿ 180ರ ಮೇಲೆ ನಿಲ್ಲುತ್ತದೆ. ವಿಕಿರಣದಿಂದ ತಾನೇ 150ಕ್ಕೆ ತಣಿಯಲಿ ಎಂದು ಬಿಟ್ಟರೆ, ಕಾಲುಗಳಿಂದ ಬರುವ ಶಾಖವನ್ನು ಲೆಕ್ಕಕ್ಕೆ ಹಿಡಿಯದಿದ್ದರೂ, ಆಕಾಶಕ್ಕೆ ತೆರೆದ 10 ಚದರ ಸೆಂ.ಮೀ. ಕಪ್ಪು ಮೈಯಿಂದ ಎಂಟು-ಒಂಬತ್ತು ಗಂಟೆ ಹಿಡಿಯುತ್ತದೆ. ಇಂಥ ತಣ್ಣನೆಯ ಜಾಗದಲ್ಲಿ ವಿಕಿರಣವನ್ನು ನಂಬಿ ಕೂರುವಂತಿಲ್ಲ.

ಅದಕ್ಕೇ ಈಗಿನ ಬಟ್ಟಲು 0.5 ಮಿ.ಮೀ. ಟೈಟಾನಿಯಂ ತಗಡು, ಒಳವ್ಯಾಸ 22, ಆಳ 30 ಮಿ.ಮೀ., ಅಂಚಿನ ಬಳೆ ಸೇರಿ 6 ಗ್ರಾಂ. ಜೊತೆಗೆ ಮೊದಲೆರಡು ತುಂಬುವಿಕೆಯನ್ನು ಚೆಲ್ಲುವುದು ಕ್ರಮ. ಸಂಪರ್ಕ ಚೆನ್ನಾಗಿದ್ದರೆ ಮೊದಲನೆಯದು ಬಟ್ಟಲನ್ನು 200ರಿಂದ 135ಕ್ಕೆ, ಎರಡನೆಯದು 111ಕ್ಕೆ ಇಳಿಸುತ್ತದೆ. ಆದರೆ ನಿರ್ವಾತದಲ್ಲಿ ಕಣಗಳು ಗೋಡೆಯನ್ನು ಚುಕ್ಕಿಚುಕ್ಕಿಯಾಗಿ ಮಾತ್ರ ಮುಟ್ಟುತ್ತವೆ. ಮೆಲ್ಲಗೆ ಕಂಪಿಸಿ, ಸಂವೇದಕ ತೋರಿಸುವ ತಾಪ ಬದಲಾಗದೆ ನಿಂತ ಮೇಲೇ ಚೆಲ್ಲಬೇಕು. ಹೊತ್ತು ಹೆಚ್ಚಾದರೆ ಅದೇ ಪುಡಿ ಅಂಟಿಕೊಳ್ಳುತ್ತದೆ.

ತೆಳು ಟೈಟಾನಿಯಂನಲ್ಲಿ ಶಾಖ ಹರಡುವುದು ನಿಧಾನ, ಹಾಗಾಗಿ ಕಾಲು ಸೇರುವ ಬಳೆಯೇ ಮೊದಲು ಬಿಸಿಯಾಗುತ್ತದೆ. ತಾಪ ಅಳೆಯುವ ಪಿಟಿ100 (ಪ್ಲಾಟಿನಂ) ಸಂವೇದಕವನ್ನು ಅಲ್ಲೇ ಕೂರಿಸಿದ್ದೇವೆ. ತಳದಲ್ಲಿಟ್ಟರೆ ಸುಳ್ಳು ನೆಮ್ಮದಿ.

ಪರೀಕ್ಷಾ ಮೇಜಿನಲ್ಲಿ ದ್ರವ ಸಾರಜನಕದಿಂದ ತಣಿದ ತಾಮ್ರದ ಹಲಗೆಯಿದೆ. ಮೊದಲು ಗಾಳಿ ತೆಗೆದು ಆಮೇಲೆ ತಣಿಸಬೇಕು, ಇಲ್ಲದಿದ್ದರೆ ಹಲಗೆಯ ಮೇಲೆ ಹಿಮ ಕಟ್ಟಿ ಸಂಪರ್ಕ ಕೆಡುತ್ತದೆ. ಸಂವೇದಕದ ತಂತಿ ತಾಮ್ರದ್ದಾಗಬಾರದು, ಅದು ಶಾಖವನ್ನು ಸುಲಭವಾಗಿ ಒಳತರುತ್ತದೆ; ಫಾಸ್ಫರ್ ಬ್ರಾಂಜ್ ಇರಲಿ. ಅದನ್ನೂ ಹಲಗೆಗೆ ಕೆಲವು ಸುತ್ತು ಸುತ್ತಿ ತಣಿಸಿಯೇ ಬಟ್ಟಲಿಗೆ ಒಯ್ಯಬೇಕು. ಒಂದು ಲೀಟರ್ ದ್ರವ ಸುಮಾರು 700 ಲೀಟರ್ ಅನಿಲವಾಗಿ ಕೋಣೆಯ ಆಮ್ಲಜನಕವನ್ನು ಹೊರತಳ್ಳುವುದರಿಂದ ಕಿಟಕಿ ಮುಚ್ಚಿ ಈ ಕೆಲಸ ಬೇಡವೇ ಬೇಡ.

ಮುಂದಿನ ಕೆಲಸ ಮುಚ್ಚಳ: ಅದೂ ಬಟ್ಟಲಿನಷ್ಟೇ ತಣ್ಣಗಿದ್ದರೆ ಮಾತ್ರ ಪುಡಿಯ ಮೇಲೆ ಮುಚ್ಚಬಹುದು.