ಅಜ್ಜಿಯ ಅಟ್ಟಹಾಸ

ಎಂಟನೇ ಕ್ಲಾಸಿನ ನನ್ನ ಪ್ರಬಂಧದ ಪುಸ್ತಕ ಈಗಲೂ ಕಾಸರಗೋಡಿನ ಕುಂಬಳೆಯ ಮನೆಯ ಅಟ್ಟದಲ್ಲಿದೆ. ಗೆದ್ದಲು ಒಂದು ಮೂಲೆ ತಿಂದಿದೆ, ಪುಣ್ಯಕ್ಕೆ ಆ ವಾಕ್ಯ ಉಳಿದಿದೆ. "ನಾನು ಕೆಸರಿನಲ್ಲಿ ಜಾರಿ ಬಿದ್ದದ್ದನ್ನು ಕಂಡು ಅಜ್ಜಿ ಅಟ್ಟಹಾಸ ಮಾಡಿ ನಕ್ಕರು." ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ನಮ್ಮ ಕನ್ನಡ ಮಾಷ್ಟ್ರ ಪ್ರಶ್ನೆ: "ಅಜ್ಜಿ ರಾಕ್ಷಸಿಯೇ?"

ಬರೆದದ್ದು ಸಾಲದು ಅಂತ ಅದನ್ನು ಕ್ಲಾಸಿನಲ್ಲಿ ಓದಿಯೂ ಬಿಟ್ಟರು. ಎಲ್ಲರೂ ಗೊಳ್ ಅಂತ ನಕ್ಕರು. ನನಗೆ ಅಳುವೇ ಬಂತು. ಅಟ್ಟ ಅಂದರೆ ಜೋರು, ಹಾಸ ಅಂದರೆ ನಗು, ಸಂಸ್ಕೃತದ ಲೆಕ್ಕದಲ್ಲಿ ನಾನು ಬರೆದದ್ದು ಸರಿಯೇ ಅಲ್ವಾ? ಹಿಂದಿನ ಬೆಂಚಿನವನೊಬ್ಬ "ಅಟ್ಟದಲ್ಲಿ ಕೂತು ನಗುವುದಾ ಮಾಷ್ಟ್ರೇ?" ಅಂತ ಕೇಳಿ ಪೆಟ್ಟು ತಿಂದ.

ಮಾಷ್ಟ್ರು ನನ್ನನ್ನು ಕೇಳಿದರು, "ಯಕ್ಷಗಾನದ ಆಟದಲ್ಲಿ ರಾಕ್ಷಸನ ಬಣ್ಣದ ವೇಷ ನೋಡಿದ್ದೀಯಲ್ಲ?" ಯಕ್ಷಗಾನ ಪ್ರಸಂಗ ಬರೆದ ಪಾರ್ತಿಸುಬ್ಬನ ಊರಿನವರು ನಾವು, ನೋಡದೆ ಇರುತ್ತೇವಾ. ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ತುಂಬ ಚುಟ್ಟಿ ಇಟ್ಟುಕೊಂಡು, ಚೆಂಡೆಯ ಪೆಟ್ಟಿಗೆ ಆರ್ಭಟ ಕೊಡುತ್ತಾ ಬರುವಾಗ ಮುಂದೆ ಕೂತ ಮಕ್ಕಳೆಲ್ಲ ಅಮ್ಮನ ಸೆರಗು ಹುಡುಕುತ್ತಿದ್ದರು. "ಅಟ್ಟಹಾಸ ಅಂದರೆ ಅದು. ಕೇಳಿದವನಿಗೆ ಹೆದರಿಕೆ ಆಗಬೇಕು."

ಆಮೇಲೆ ಇಡೀ ಪೀರಿಯಡ್ ನಗುವಿಗೇ ಹೋಯಿತು. ಮುಸಿಮುಸಿ, ಕಿಲಕಿಲ, ಗಹಗಹ, ಕೇಕೆ. ಗೊಳ್ ಅಂತ ನಗಲಿಕ್ಕೆ ಗುಂಪು ಬೇಕಂತೆ, ಒಬ್ಬನೇ ಕೂತು ಗೊಳ್ ಅನ್ನಲಿಕ್ಕಾಗುವುದಿಲ್ಲ. ಅದೇ ಗೊಳ್ಳನ್ನು ಸ್ವಲ್ಪ ಎಳೆದು ಗೊಳೋ ಅನ್ನಿ, ಅಳು ಶುರು! ಇದನ್ನು ಹೇಳುವಾಗ ಮಾಷ್ಟ್ರು ನನ್ನ ಮುಖವನ್ನೇ ನೋಡುತ್ತಿದ್ದರು. ನನಗೂ ನಗು ತಡೆಯಲಾಗಲಿಲ್ಲ.

ಬೆಲ್ ಆದ ಮೇಲೆ ಪಕ್ಕದ ಮಲಯಾಳಂ ಡಿವಿಷನ್ನಿನ ಗೆಳತಿಗೆ ಈ ಕಥೆ ಹೇಳಿದೆ. ಅವಳಿಗೆ ಅರ್ಥವೇ ಆಗಲಿಲ್ಲ. ಅವಳ ಪ್ರಕಾರ ಅಟ್ಟಹಾಸ ಅಂದರೆ ಬೊಬ್ಬೆ ಹಾಕುವುದು, ಅದರಲ್ಲಿ ನಗು ಇರಲೇಬೇಕಂತ ಇಲ್ಲ. ಒಂದೇ ಗೋಡೆಯ ಆಚೆ ಈಚೆ!

ಮುಂದೆ ಕೆಲಸಕ್ಕೆ ಚೆನ್ನೈಗೆ ಹೋದೆ. ನಾನು ಮಾಡಿದ ಪತ್ರೊಡೆ ತಿಂದು ಆಫೀಸಿನ ಅಕ್ಕ ಒಬ್ಬರು "ಅಟ್ಟಕಾಸಂ" ಅಂದಾಗ ಒಂದು ಕ್ಷಣ ಗಾಬರಿಯಾಯಿತು. ಅಲ್ಲಿ ಅದು ಹೊಗಳಿಕೆ, ಭರ್ಜರಿಯಾಗಿದೆ ಅಂತ. ಅದೇ ಅಕ್ಕ ಮರುದಿನ ಮಗನ ತಂಟೆಗೂ ಅಟ್ಟಕಾಸಂ ಅಂದರು ಅನ್ನಿ. ಹೈದರಾಬಾದಿನಲ್ಲಂತೂ ಮದುವೆಯೇ ಅಟ್ಟಹಾಸವಾಗಿ ನಡೆಯುತ್ತದೆ. ತೆಲುಗಿನಲ್ಲಿ ಹಾಗಂದರೆ ಅದ್ದೂರಿಯಾಗಿ.

ಹಾಗಂತ ನಮ್ಮಲ್ಲಿ ಮಾತ್ರ ನಗು ಉಳಿದಿದೆ ಅಂದುಕೊಳ್ಳಬೇಡಿ. ಕನ್ನಡ ಪೇಪರ್ ತೆಗೆದರೆ ಮಳೆಯ ಅಟ್ಟಹಾಸ, ಕಾಡಾನೆಯ ಅಟ್ಟಹಾಸ. 2020ರಲ್ಲಿ ಕೊರೊನಾ ಅಟ್ಟಹಾಸ. ಅದಕ್ಕೆ ಬಾಯಿಯಾದರೂ ಎಲ್ಲಿದೆ, ಪಾಪ! ಬರೆಯುವವರಿಗೆ ಶೀರ್ಷಿಕೆಗೊಂದು ದೊಡ್ಡ ಶಬ್ದ ಬೇಕು, ಅಷ್ಟೇ. ನನಗಂತೂ ಅದನ್ನು ಓದಿ ಓದಿ ಬೇಜಾರಾಗಿದೆ.

ಇನ್ನು ಅಜ್ಜಿಯ ನಗು. ಮೊದಲು ಸದ್ದೇ ಇರುವುದಿಲ್ಲ. ಬಾಯಲ್ಲಿ ಎಲೆಅಡಿಕೆ ಇರುತ್ತದಲ್ಲ, ತುಟಿ ಬಿಗಿ ಹಿಡಿದು ಹೆಗಲು ಮಾತ್ರ ಕುಣಿಯುತ್ತದೆ. ತಡೆಯಲಾಗದಾಗ ಓಡಿ ಹೋಗಿ ತೆಂಗಿನ ಬುಡಕ್ಕೆ ಉಗಿದು ಬಂದು, ಜಗಲಿಯ ಕಂಬ ಹಿಡಿದುಕೊಂಡು, ಆಚೆ ಮನೆಯವರು ಏನಾಯಿತು ಅಂತ ಬೇಲಿ ಹತ್ತಿರ ಬರುವಷ್ಟು ಜೋರಾಗಿ ಶುರು ಮಾಡುತ್ತಿದ್ದರು. ಇದಕ್ಕೆ ಮಾಷ್ಟ್ರು ಕೊಟ್ಟ ಪಟ್ಟಿಯಲ್ಲಿ ಶಬ್ದ ಇರಲಿಲ್ಲ. ತಿದ್ದಿ ಬರೆಯಲು ಹೇಳಿದ್ದರು, "ಗಹಗಹಿಸಿ" ಅಂತ ಬರೆದು ಕೊಟ್ಟೆ. ಸುಮ್ನೆ ಮಾರ್ಕಿಗೆ.

ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ ಈಗ ಎಲ್ಲರೂ ಹಹಹ ಅಂತ ಬರೆದೇ ನಗುವುದು. ಯಾರಾದರೂ ಹ ಸ್ವಲ್ಪ ಜಾಸ್ತಿ ಹಾಕಿದರೆ ಸಾಕು, ಆ ಹಿಂದಿನ ಬೆಂಚಿನವನು ತಪ್ಪದೆ ಕೇಳುತ್ತಾನೆ: "ಅಜ್ಜಿ ರಾಕ್ಷಸಿಯೇ?"